ಕಾಣದ ಕಾವಲು

ಉಡುಪಿಯಿಂದ ಉತ್ತರಕ್ಕೆ, ಕುಂದಾಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕೆಲವು ಕಿಲೋಮೀಟರು ಸಾಗಿದರೆ ಸಂತೆಕಟ್ಟೆ ಎಂಬ ಊರು ಎದುರಾಗುತ್ತದೆ. ಅದರ ಮಗ್ಗುಲಲ್ಲಿಯೇ ಕಲ್ಯಾಣಪುರ. ಅದರಾಚೆಗೆ ಸ್ವರ್ಣಾ ನದಿ. ಊರಿನ ಹೆಸರೇ ಸಂತೆಯನ್ನು ನೆನಪಿಗೆ ತರುತ್ತದೆ. ಸಂತೆಯ ದಿನ ಬಸಳೆಯ ಕಟ್ಟು, ಗುಳ್ಳಬದನೆ, ತೆಂಗಿನಕಾಯಿ, ಬಾಳೆಗೊನೆ, ಒಣಮೀನು ಮೊದಲಾದ ಪದಾರ್ಥಗಳ ಸುತ್ತ ಜನ ನೆರೆಯುತ್ತಾರೆ. ಹಿಂದೆ ಇಂತಹ ಸಂತೆಗಳಲ್ಲಿ ನಾಣ್ಯ ನೋಟುಗಳು ಕೈಯಿಂದ ಕೈಗೆ ದಾಟುತ್ತಿದ್ದವು. ಈಗ ತರಕಾರಿಯ ರಾಶಿಯ ಪಕ್ಕದಲ್ಲಿ ಕಪ್ಪು ಬಿಳುಪು ಚೌಕಗಳುಳ್ಳ ಕ್ಯೂಆರ್ ಚೀಟಿಯೊಂದು ನಿಂತಿರುತ್ತದೆ. ಗಿರಾಕಿ ತನ್ನ ಮೊಬೈಲನ್ನು ಅದರ ಮುಂದೆ ಹಿಡಿಯುತ್ತಾನೆ. ಕ್ಷಣಮಾತ್ರದಲ್ಲಿ ಹಣ ಸಂದಾಯವಾಗುತ್ತದೆ. ಯುಪಿಐ ಎಂದು ಹೆಸರಾದ ಈ ಪಾವತಿಯ ಏರ್ಪಾಡು ಭಾರತದಲ್ಲಿ ಆರಂಭವಾದುದು 2016ರಲ್ಲಿ.

ಈ ಒಂದು ಕ್ಷಣದೊಳಗೆ ನಡೆಯುವ ಕಾರ್ಯ ಸಣ್ಣದಲ್ಲ. ಗಿರಾಕಿಯ ಬ್ಯಾಂಕಿನ ಗಣಕಯಂತ್ರಕ್ಕೆ ಸಂದೇಶ ಹೋಗಬೇಕು. ಕೊಡುವವನು ನಿಜವಾಗಿಯೂ ಅವನೇ ಎಂದು ಖಚಿತವಾಗಬೇಕು. ಅವನ ಖಾತೆಯಲ್ಲಿ ಅಷ್ಟು ಹಣವಿದೆಯೇ ಎಂದು ನೋಡಬೇಕು. ಅಲ್ಲಿ ಕಳೆದುದನ್ನು ಮಾರುವವಳ ಖಾತೆಯಲ್ಲಿ ಕೂಡಿಸಬೇಕು. ಎಲ್ಲಿಯೋ ದೂರದ ಕಟ್ಟಡಗಳಲ್ಲಿ ಹಗಲಿರುಳೆನ್ನದೆ ದುಡಿಯುವ ಯಂತ್ರಗಳು ಇದನ್ನು ಮಾಡುತ್ತವೆ. ಆದರೆ ಯಂತ್ರ ತನ್ನನ್ನು ತಾನು ಕಾಯ್ದುಕೊಳ್ಳಲಾರದು. ಅದರೊಳಗೆ ಯಾರು ಪ್ರವೇಶಿಸಬಹುದು, ಯಾರು ಏನನ್ನು ಮಾಡಬಹುದು, ಏನು ನಡೆಯಿತು, ಕೆಟ್ಟರೆ ಮತ್ತೆ ಹೇಗೆ ಎತ್ತಿ ನಿಲ್ಲಿಸುವುದು ಎಂಬುದನ್ನು ಸದಾ ನೋಡಿಕೊಳ್ಳುವ ಜನರಿದ್ದಾರೆ. ಅವರನ್ನು ಗಣಕ ವ್ಯವಸ್ಥೆಯ ನಿರ್ವಾಹಕರೆಂದು ಕರೆಯುತ್ತಾರೆ. ಕೆರೆಯ ತೂಬನ್ನು ಕಾಯುವ ನೀರಗಂಟಿಯ ಹಾಗೆ ಇವರದು ಕಣ್ಣಿಗೆ ಕಾಣದ ಸೇವೆ. ಕೆರೆ ತುಂಬಿರುವಾಗ ನೀರಗಂಟಿಯ ನೆನಪು ಯಾರಿಗೂ ಬರುವುದಿಲ್ಲ. ಏರಿ ಒಡೆದಾಗ ಮಾತ್ರ ಅವನೆಲ್ಲಿದ್ದನೆಂದು ಊರೆಲ್ಲ ಕೇಳುತ್ತದೆ.

ಇಂತಹ ಕಾವಲಿನ ರೀತಿ ಉಡುಪಿಯ ಸೀಮೆಗೆ ಹೊಸದಲ್ಲ. ಗಣಕಯಂತ್ರ ಬರುವುದಕ್ಕೆ ಬಹಳ ಹಿಂದೆಯೇ ಇಲ್ಲಿನ ಜನ ಪರರ ಹಣವನ್ನು ಕಾಯುವ ವಿದ್ಯೆಯನ್ನು ಕಲಿತಿದ್ದರು. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಸ್ಥಾಪಿಸಿದ ಸಂಸ್ಥೆ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾಯಿತು. 1925ರಲ್ಲಿ ಡಾ. ಟಿ. ಎಂ. ಎ. ಪೈ, ಅವರ ಅಣ್ಣ ಉಪೇಂದ್ರ ಪೈ ಮತ್ತು ವಾಮನ ಕುಡ್ವ ಅವರು ಕೇವಲ 8,000 ರೂಪಾಯಿಗಳ ಬಂಡವಾಳದಿಂದ ಉಡುಪಿಯಲ್ಲಿಯೇ ಇನ್ನೊಂದು ಸಂಸ್ಥೆಯನ್ನು ತೆರೆದರು. ಕಷ್ಟಕ್ಕೆ ಸಿಲುಕಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಅದರ ಉದ್ದೇಶಗಳಲ್ಲಿ ಒಂದಾಗಿತ್ತು. ಅದೇ ಬೆಳೆದು, ಮಣಿಪಾಲವನ್ನು ಕೇಂದ್ರವಾಗಿಸಿಕೊಂಡ ಸಿಂಡಿಕೇಟ್ ಬ್ಯಾಂಕ್ ಆಯಿತು. 2020ರ ಏಪ್ರಿಲ್ 1ರಂದು ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ ವಿಲೀನವಾದವು.

1928ರಲ್ಲಿ ಸಿಂಡಿಕೇಟ್ ಸಂಸ್ಥೆಯು ಪಿಗ್ಮಿ ಠೇವಣಿ ಎಂಬ ಯೋಜನೆಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಕಿರಿದಾದ ಉಳಿತಾಯವನ್ನು ಸಹ ಸಂಸ್ಥೆಯ ಪ್ರತಿನಿಧಿ ಮನೆಯ ಬಾಗಿಲಿಗೇ ಬಂದು ಪಡೆದುಕೊಳ್ಳುತ್ತಿದ್ದನು. ಬೀಡಿ ಕಟ್ಟುವವರು, ಚಿಕ್ಕ ಅಂಗಡಿಯವರು, ಕೂಲಿ ಮಾಡುವವರು ಬ್ಯಾಂಕಿನ ಮೆಟ್ಟಿಲು ಹತ್ತದೆಯೇ ಹಣ ಕೂಡಿಡುವಂತಾಯಿತು. ಎರಡಾಣೆ ಅಲ್ಪವೆಂದು ಕಂಡರೂ ಕೊಟ್ಟವನಿಗೆ ಅದು ಒಂದು ದಿನದ ಬೆವರು. ಅದು ತಪ್ಪದೆ ಅವನ ಹೆಸರಿಗೆ ಸೇರಬೇಕಾದರೆ ಬರಿಯ ನಂಬಿಕೆ ಸಾಲದು, ಪದ್ಧತಿಯೂ ಬೇಕು.

ಆ ಪದ್ಧತಿಯನ್ನು ಹಳೆಯ ಬ್ಯಾಂಕುಗಳು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದವು. ಹಣ ಕೊಟ್ಟವನ ಪುಸ್ತಕದಲ್ಲಿ ಒಂದು ಬರಹ, ವಸೂಲಿ ಮಾಡಿದವನ ಪಟ್ಟಿಯಲ್ಲಿ ಒಂದು ಬರಹ, ಬ್ಯಾಂಕಿನ ಖಾತೆ ಪುಸ್ತಕದಲ್ಲಿ ಮತ್ತೊಂದು ಬರಹ. ಸಂಜೆ ಬಾಗಿಲು ಮುಚ್ಚುವ ಮೊದಲು ದಿನದ ಲೆಕ್ಕ ತಾಳೆಯಾಗಬೇಕು. ಒಂದು ಕಾಸು ಹೆಚ್ಚಾದರೂ ಕಡಿಮೆಯಾದರೂ ಹುಡುಕದೆ ಏಳುವಂತಿಲ್ಲ. ತಪ್ಪು ಬರೆದುದನ್ನು ಉಜ್ಜಿ ಅಳಿಸುವಂತಿಲ್ಲ. ಅದರ ಮೇಲೆ ಗೆರೆಯೆಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ಬರೆದವನು ರುಜು ಹಾಕಬೇಕು. ಭದ್ರಕೋಣೆಗೆ ಎರಡು ಬೀಗದ ಕೈಗಳು. ಅವು ಇಬ್ಬರ ವಶದಲ್ಲಿರಬೇಕು. ಇಬ್ಬರೂ ಕೂಡಿ ಬಂದಲ್ಲದೆ ಬಾಗಿಲು ತೆರೆಯದು. ಒಳ್ಳೆಯವನಾದರೂ ಒಮ್ಮೆ ಮರೆಯಬಹುದು, ದಣಿಯಬಹುದು, ಕಷ್ಟಕಾಲದಲ್ಲಿ ಆಸೆಗೆ ಬೀಳಬಹುದು ಎಂಬ ಅರಿವಿನಿಂದ ಹುಟ್ಟಿದ ನಿಯಮಗಳಿವು. ಪ್ರಾಮಾಣಿಕನಾದ ನೌಕರನನ್ನು ಸಂಶಯದಿಂದ ಕಾಪಾಡಿದುದೂ ಇವೇ.

ಬ್ಯಾಂಕುಗಳ ಯಂತ್ರೀಕರಣವನ್ನು ಕುರಿತು ಸಿ. ರಂಗರಾಜನ್ ಅವರ ಅಧ್ಯಕ್ಷತೆಯ ಸಮಿತಿಯು 1984ರಲ್ಲಿ ವರದಿ ಕೊಟ್ಟ ಬಳಿಕ ಭಾರತದ ಬ್ಯಾಂಕುಗಳಲ್ಲಿ ಗಣಕಯಂತ್ರಗಳು ಕ್ರಮೇಣ ಕಾಲಿಟ್ಟವು. ದಪ್ಪನೆಯ ಖಾತೆ ಪುಸ್ತಕಗಳು ಮರೆಯಾದವು. ಆದರೆ ಪುಸ್ತಕ ಹೋದರೂ ಪದ್ಧತಿ ಹೋಗುವಂತಿರಲಿಲ್ಲ. ಬೀಗದ ಕೈ, ಲೆಕ್ಕದ ತಾಳೆ, ಬರಹದ ನಕಲು - ಇವೇ ಹೊಸ ರೂಪ ತಾಳಿ ಗಣಕ ವ್ಯವಸ್ಥೆಯ ರಕ್ಷಣೆಯ ಆಧಾರಗಳಾದವು.

ಮೊದಲನೆಯದು ಬೀಗದ ಕೈ. ಗಣಕಯಂತ್ರದಲ್ಲಿ ಪಾಸ್‌ವರ್ಡ್ ಎಂಬ ಗುಪ್ತಪದವೇ ಬೀಗದ ಕೈ. ಮನುಷ್ಯನ ಸ್ವಭಾವ ಸುಲಭವಾದುದನ್ನು ಅರಸುತ್ತದೆ. ಆದುದರಿಂದ ತನ್ನ ಹೆಸರು, ಹುಟ್ಟಿದ ದಿನ, ಊರಿನ ಹೆಸರು ಇಂತಹವನ್ನೇ ಗುಪ್ತಪದವನ್ನಾಗಿ ಇಟ್ಟುಕೊಳ್ಳುತ್ತಾನೆ. ಅಮೆರಿಕದ ಬೆಲ್ ಪ್ರಯೋಗಾಲಯದ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಎಂಬವರು 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 3,289 ಗುಪ್ತಪದಗಳನ್ನು ಪರೀಕ್ಷಿಸಿದ್ದರು. ಅವುಗಳಲ್ಲಿ 2,831, ಎಂದರೆ ನೂರಕ್ಕೆ ಎಂಬತ್ತಾರು, ತೀರ ಗಿಡ್ಡವಾದವು ಇಲ್ಲವೆ ನಿಘಂಟಿನಲ್ಲಿ ಸಿಗುವಂತಹವು. ಸ್ವಲ್ಪ ಪ್ರಯತ್ನದಿಂದಲೇ ಊಹಿಸಬಹುದಾದಂತಹವು. ಬಾಗಿಲಿಗೆ ಬೀಗ ಹಾಕಿ ಕೈಯನ್ನು ಹೊಸ್ತಿಲ ಮೇಲೆಯೇ ಇಟ್ಟುಹೋದಂತೆ ಇದು. ಗುಪ್ತಪದವು ಉದ್ದವಾಗಿರಬೇಕು, ಒಂದೊಂದು ಬಾಗಿಲಿಗೆ ಬೇರೆ ಬೇರೆಯಾಗಿರಬೇಕು, ಅದರ ಜೊತೆಗೆ ಇನ್ನೊಂದು ಗುರುತೂ ಬೇಕು ಎಂದು ತಿಳಿದವರು ಹೇಳುವುದು ಈ ಕಾರಣದಿಂದ.

ಎಲ್ಲರಿಗೂ ಎಲ್ಲ ಬೀಗದ ಕೈಗಳನ್ನು ಕೊಡಬಾರದೆಂಬುದು ಇದಕ್ಕೆ ಸಂಬಂಧಿಸಿದ ಮತ್ತೊಂದು ನಿಯಮ. ಯೂನಿಕ್ಸ್ ಬಗೆಯ ಗಣಕಗಳಲ್ಲಿ 'ರೂಟ್', ಎಂದರೆ ಬೇರು, ಎಂಬ ಹೆಸರಿನ ಸರ್ವಾಧಿಕಾರದ ಖಾತೆಯೊಂದಿರುತ್ತದೆ. ಆ ಹೆಸರಿನಲ್ಲಿ ಒಳಹೊಕ್ಕವನು ಏನನ್ನಾದರೂ ಬದಲಾಯಿಸಬಲ್ಲನು, ಏನನ್ನಾದರೂ ಅಳಿಸಬಲ್ಲನು. ಆದುದರಿಂದ ವಿವೇಕಿಯಾದ ನಿರ್ವಾಹಕನು ದಿನನಿತ್ಯದ ಕೆಲಸಕ್ಕೆ ಸಾಮಾನ್ಯ ಖಾತೆಯನ್ನೇ ಬಳಸುತ್ತಾನೆ. ಸರ್ವಾಧಿಕಾರವನ್ನು ಅಗತ್ಯ ಬಿದ್ದಾಗ ಮಾತ್ರ, ಬಿದ್ದಷ್ಟೇ ಹೊತ್ತು ಕೈಗೆತ್ತಿಕೊಳ್ಳುತ್ತಾನೆ. ಅಧಿಕಾರವನ್ನು ಬಲ್ಲವನು ಅದನ್ನು ಕಡಿಮೆ ಬಳಸುತ್ತಾನೆ.

ಕರ್ನಾಟಕದ 'ಭೂಮಿ' ಯೋಜನೆ ಈ ಮಾತಿಗೆ ಒಳ್ಳೆಯ ನಿದರ್ಶನ. ರೈತನಿಗೆ ತನ್ನ ಹೊಲದ ಮೇಲಿರುವ ಹಕ್ಕನ್ನು ತಿಳಿಸುವ ಪಹಣಿ ಪತ್ರಗಳು ಹಿಂದೆ ಸುಮಾರು 9,000 ಗ್ರಾಮಲೆಕ್ಕಿಗರ ವಶದಲ್ಲಿದ್ದವು. ಅವುಗಳಲ್ಲಿ ಏನು ಬರೆಯಲಾಗಿದೆ, ಯಾವಾಗ ತಿದ್ದಲಾಗಿದೆ ಎಂಬುದನ್ನು ಬಡ ರೈತನು ತಿಳಿಯುವುದು ಕಷ್ಟವಾಗಿತ್ತು. 2000ದ ಆಸುಪಾಸಿನಲ್ಲಿ ರಾಜ್ಯ ಸರಕಾರವು ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ, ತಾಲೂಕು ಕಚೇರಿಗಳಲ್ಲಿ ಅವುಗಳ ಪ್ರತಿಯನ್ನು ಕೊಡುವ ಏರ್ಪಾಡು ಮಾಡಿತು. ಅಲ್ಲಿ ಕೆಲಸ ಮಾಡುವ ಅಧಿಕಾರಿಯು ಗುಪ್ತಪದವೊಂದರಿಂದಲೇ ಒಳಹೋಗುವಂತಿರಲಿಲ್ಲ; ಯಂತ್ರದ ಮೇಲೆ ತನ್ನ ಬೆರಳಿನ ಗುರುತನ್ನೂ ಒತ್ತಬೇಕಾಗಿತ್ತು. ಗುಪ್ತಪದವನ್ನು ಇನ್ನೊಬ್ಬರು ಕದ್ದರೆಂದು ಹೇಳಬಹುದು. ಬೆರಳನ್ನು ಕದ್ದರೆಂದು ಹೇಳಲು ಬರುವುದಿಲ್ಲ. ಯಾರು ಯಾವಾಗ ಏನು ತಿದ್ದಿದರೆಂಬುದು ಹೀಗೆ ದಾಖಲಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಕ್ರಮದಲ್ಲಿಯೇ ವಿಲೇವಾರಿ ಮಾಡಬೇಕೆಂದು ಯಂತ್ರವೇ ಒತ್ತಾಯಿಸಿದ್ದರಿಂದ, ಬೇಕಾದವರ ಅರ್ಜಿಯನ್ನು ಮುಂದಕ್ಕೆ ತರುವ ದಾರಿಯೂ ಕಿರಿದಾಯಿತು. ಗಣಕದ ರಕ್ಷಣೆ ಇಲ್ಲಿ ರೈತನ ಹೊಲದ ರಕ್ಷಣೆಯೂ ಆಯಿತು.

ಎರಡನೆಯದು ಲೆಕ್ಕದ ತಾಳೆ. ಒಂದು ಕಾಸಿನ ವ್ಯತ್ಯಾಸವನ್ನು ಹುಡುಕದೆ ಏಳಬಾರದೆಂಬ ಹಳೆಯ ಗುಮಾಸ್ತರ ಹಠ ಎಷ್ಟು ಸಾರ್ಥಕವಾದುದೆಂಬುದನ್ನು ಅಮೆರಿಕದಲ್ಲಿ ನಡೆದ ಒಂದು ಪ್ರಸಂಗ ತೋರಿಸಿಕೊಡುತ್ತದೆ. 1986ರಲ್ಲಿ ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳ ವಿಜ್ಞಾನಿಗೆ ಗಣಕಗಳ ಉಸ್ತುವಾರಿ ದೊರೆಯಿತು. ಗಣಕವನ್ನು ಬಳಸಿದವರಿಂದ ಪಡೆಯಬೇಕಾದ ಬಾಡಿಗೆಯ ಲೆಕ್ಕದಲ್ಲಿ 75 ಸೆಂಟ್‌ಗಳ ವ್ಯತ್ಯಾಸ ಕಂಡಿತು. ಒಂದು ಡಾಲರಿಗೂ ಕಡಿಮೆಯಾದ ಈ ಹಣವನ್ನು ಯಾರಾದರೂ ಬಿಟ್ಟುಬಿಡಬಹುದಾಗಿತ್ತು. ಸ್ಟಾಲ್ ಬಿಡಲಿಲ್ಲ. ಹುಡುಕುತ್ತ ಹೋದಾಗ, ಅಪರಿಚಿತನೊಬ್ಬನು ಹಣ ತೆರದೆ ಗಣಕವನ್ನು ಕೆಲವು ಸೆಕೆಂಡುಗಳ ಕಾಲ ಬಳಸಿದ್ದನೆಂದು ತಿಳಿಯಿತು. ಅವನು ಒಂದು ತಂತ್ರಾಂಶದ ದೋಷವನ್ನು ಹಿಡಿದು ಸರ್ವಾಧಿಕಾರವನ್ನೇ ಪಡೆದಿದ್ದನು.

ಅಂತಹವನು ಗಣಕದೊಳಗಿನ ದಾಖಲೆಗಳನ್ನು ಅಳಿಸಬಲ್ಲನಷ್ಟೆ. ಆದುದರಿಂದ ಸ್ಟಾಲ್ ಸಹೋದ್ಯೋಗಿಗಳ ಮೇಜುಗಳಿಂದ ಮುದ್ರಣಯಂತ್ರಗಳನ್ನು ಎರವಲು ತಂದು, ಹೊರಗಿನಿಂದ ಬರುವ ದೂರವಾಣಿ ತಂತಿಗಳಿಗೆ ಜೋಡಿಸಿದರು. ಕಳ್ಳನು ಒತ್ತಿದ ಒಂದೊಂದು ಅಕ್ಷರವೂ ಅವನ ಕೈಗೆ ಸಿಗದ ಕಾಗದದ ಮೇಲೆ ಮೂಡತೊಡಗಿತು. ಸುಮಾರು ಹತ್ತು ತಿಂಗಳುಗಳ ಕಾಲ ಈ ಬೆನ್ನಟ್ಟುವಿಕೆ ನಡೆಯಿತು. ಅವನು ಸುಮಾರು 450 ಗಣಕಗಳ ಬಾಗಿಲು ತಟ್ಟಿ, 30ಕ್ಕೂ ಹೆಚ್ಚಿನವುಗಳೊಳಗೆ ನುಗ್ಗಿದ್ದನು. ಅವುಗಳಲ್ಲಿ ಸೈನ್ಯಕ್ಕೆ ಸೇರಿದವೂ ಇದ್ದವು. ಹಲವು ಕಡೆ ಯಂತ್ರದ ತಯಾರಕರು ಇಟ್ಟ ಗುಪ್ತಪದವನ್ನೇ ಯಾರೂ ಬದಲಾಯಿಸಿರಲಿಲ್ಲ. ಕೊನೆಗೆ ಸುಳ್ಳು ಕಡತಗಳ ಆಮಿಷವೊಡ್ಡಿ, ಅವನು ಬಹಳ ಹೊತ್ತು ನಿಲ್ಲುವಂತೆ ಮಾಡಿ, ತಂತಿಯ ಜಾಡನ್ನು ಜರ್ಮನಿಯ ಹಾನೋವರ್ ನಗರದವರೆಗೆ ಹಿಡಿಯಲಾಯಿತು. ಕದ್ದ ಮಾಹಿತಿಯನ್ನು ಸೋವಿಯತ್ ಒಕ್ಕೂಟದ ಗೂಢಚಾರ ಸಂಸ್ಥೆಗೆ ಮಾರುತ್ತಿದ್ದ ಆ ವ್ಯಕ್ತಿಯ ಅಪರಾಧ 1990ರಲ್ಲಿ ಅಲ್ಲಿನ ನ್ಯಾಯಾಲಯದಲ್ಲಿ ಸಾಬೀತಾಯಿತು. ಎಪ್ಪತ್ತೈದು ಸೆಂಟ್‌ಗಳು ಬೆಳಕಿಗೆ ತಂದ ಕಳ್ಳತನವಿದು.

ಮೂರನೆಯದು ಕಾಲಕ್ಕೆ ಸರಿಯಾದ ದುರಸ್ತಿ. ಕರಾವಳಿಯ ಜನರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಳೆಗಾಲಕ್ಕೆ ಮೊದಲೇ ಹಂಚಿನ ಮಾಡಿನ ಮೇಲೇರಿ, ಒಡೆದ ಹಂಚನ್ನು ತೆಗೆದು ಹೊಸದನ್ನು ಹೊದೆಸುವುದು ಇಲ್ಲಿನ ವಾಡಿಕೆ. ಮಳೆ ಹಿಡಿದ ಮೇಲೆ ಮಾಡು ಹತ್ತುವವನು ತಾನೂ ನೆನೆಯುತ್ತಾನೆ, ಮನೆಯೂ ನೆನೆಯುತ್ತದೆ. ತಂತ್ರಾಂಶಗಳೂ ಮನುಷ್ಯರು ಬರೆದವಾದ್ದರಿಂದ ಅವುಗಳಲ್ಲಿ ಒಡಕುಗಳಿರುವುದು ಸಹಜ. ಒಡಕು ಗೊತ್ತಾದಾಗ ತಯಾರಕರು ಅದನ್ನು ಮುಚ್ಚುವ ತೇಪೆಯನ್ನು ಕಳುಹಿಸುತ್ತಾರೆ. ಅದನ್ನು ಹಾಕಿಕೊಳ್ಳುವುದು ಬಳಸುವವರ ಹೊಣೆ.

ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ವಿಂಡೋಸ್ ತಂತ್ರಾಂಶದ ಅಂತಹ ಒಂದು ಒಡಕಿಗೆ 2017ರ ಮಾರ್ಚ್ 14ರಂದು ತೇಪೆ ಕೊಟ್ಟಿತ್ತು. ಎರಡು ತಿಂಗಳು ತುಂಬುವಷ್ಟರಲ್ಲಿ, ಮೇ 12ರಂದು, 'ವಾನ್ನಾಕ್ರೈ' ಎಂಬ ದುಷ್ಟ ತಂತ್ರಾಂಶ ಅದೇ ಒಡಕಿನಿಂದ ನುಗ್ಗಿ, ಗಣಕದಿಂದ ಗಣಕಕ್ಕೆ ತಾನೇ ಹರಡುತ್ತ, ಸುಮಾರು 150 ದೇಶಗಳನ್ನು ಮುಟ್ಟಿತು. ಅದು ಕಡತಗಳನ್ನೆಲ್ಲ ಓದಲಾಗದ ಗೂಢಲಿಪಿಗೆ ತಿರುಗಿಸಿ, ಬಿಡಿಸಬೇಕಾದರೆ ಹಣ ಕೊಡಬೇಕೆಂದು ಕೇಳುತ್ತಿತ್ತು. ಇಂಗ್ಲೆಂಡಿನ ಸಾರ್ವಜನಿಕ ಆಸ್ಪತ್ರೆಗಳಿಗೆ ತಗಲಿದ ಪೆಟ್ಟು ಬಲವಾದುದು. 19,000ಕ್ಕೂ ಹೆಚ್ಚು ರೋಗಿಗಳ ಭೇಟಿ ಮತ್ತು ಚಿಕಿತ್ಸೆಗಳು ರದ್ದಾದುವೆಂದು ಅಂದಾಜು ಮಾಡಲಾಯಿತು; ಕೆಲವು ಕಡೆ ಆಂಬುಲೆನ್ಸ್‌ಗಳನ್ನು ಬೇರೆ ಆಸ್ಪತ್ರೆಗಳಿಗೆ ತಿರುಗಿಸಬೇಕಾಯಿತು. ಹಾಕದೆ ಉಳಿದ ಒಂದು ತೇಪೆಯ ಬೆಲೆಯನ್ನು ಕೊನೆಗೆ ತೆತ್ತವರು ಗಣಕದ ಹೆಸರನ್ನೇ ಕೇಳದ ರೋಗಿಗಳು.

ನಾಲ್ಕನೆಯದು ನಕಲು. ಕಳ್ಳನಿಲ್ಲದೆಯೂ ಹಾನಿಯಾಗಬಹುದು. ಯಂತ್ರ ಕೆಡಬಹುದು, ಬೆಂಕಿ ತಗಲಬಹುದು, ನೆರೆ ನುಗ್ಗಬಹುದು, ಕೆಲಸಗಾರನ ಕೈ ತಪ್ಪಬಹುದು. ಆದುದರಿಂದ ಮುಖ್ಯವಾದ ಮಾಹಿತಿಗೆ ಮೂರು ಪ್ರತಿಗಳಿರಬೇಕು. ಅವು ಎರಡು ಬಗೆಯ ಸಾಧನಗಳ ಮೇಲಿರಬೇಕು. ಒಂದಾದರೂ ಬೇರೆ ಊರಿನಲ್ಲಿರಬೇಕು ಎಂಬುದು ನಿರ್ವಾಹಕರ ಸೂತ್ರ. ಪಿಗ್ಮಿಯ ಲೆಕ್ಕವನ್ನು ಮೂವರ ಕೈಯಲ್ಲಿ ಬರೆದಿಟ್ಟವರಿಗೆ ಈ ಸೂತ್ರ ಅಚ್ಚರಿಯೆನಿಸದು.

ಆದರೆ ನಕಲು ಇದ್ದರೆ ಸಾಲದು, ಅದು ಉಪಯೋಗಕ್ಕೆ ಬರುತ್ತದೆಯೇ ಎಂದು ಆಗಾಗ ನೋಡಬೇಕು. ತಂತ್ರಾಂಶ ಬರೆಯುವವರಿಗೆ ತಮ್ಮ ಬರಹಗಳನ್ನು ಇಟ್ಟುಕೊಳ್ಳಲು ಸ್ಥಳ ಕೊಡುವ ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ 2017ರ ಜನವರಿ 31ರಂದು ಒಂದು ಅವಘಡ ಸಂಭವಿಸಿತು. ಬಹಳ ಹೊತ್ತು ದುಡಿದಿದ್ದ ನಿರ್ವಾಹಕನೊಬ್ಬನು ರಾತ್ರಿ ವೇಳೆಯಲ್ಲಿ, ಬೇರೆ ಯಂತ್ರವೆಂದು ತಿಳಿದು, ಬಳಕೆಯಲ್ಲಿದ್ದ ಯಂತ್ರದ ಮಾಹಿತಿಯನ್ನೇ ಅಳಿಸತೊಡಗಿದನು. ತಪ್ಪು ಅರಿವಾಗಿ ತಡೆಯುವಷ್ಟರಲ್ಲಿ ಬಹುಪಾಲು ಅಳಿದುಹೋಗಿತ್ತು. ನಕಲು ತೆಗೆಯಲು ಐದು ಬಗೆಯ ಏರ್ಪಾಡುಗಳಿದ್ದರೂ ಆ ಹೊತ್ತಿಗೆ ಒಂದೂ ಸರಿಯಾಗಿ ಒದಗಲಿಲ್ಲ. ಅದೃಷ್ಟವಶಾತ್ ಆರು ಗಂಟೆಗಳ ಹಿಂದೆ ಬೇರೊಂದು ಕೆಲಸಕ್ಕಾಗಿ ತೆಗೆದಿದ್ದ ಒಂದು ಪ್ರತಿ ಸಿಕ್ಕಿ, ಆ ಆರು ಗಂಟೆಗಳ ಮಾಹಿತಿಯಷ್ಟೇ ನಷ್ಟವಾಯಿತು.

ಆಮೇಲೆ ಅವರು ನಡೆದುಕೊಂಡ ರೀತಿ ಗಮನಾರ್ಹವಾದುದು. ಅವರು ತಪ್ಪನ್ನು ಮುಚ್ಚಿಡಲಿಲ್ಲ. ಏನಾಯಿತು, ಏಕಾಯಿತು ಎಂಬುದನ್ನು ಎಲ್ಲರೂ ಓದುವಂತೆ ಬರೆದು ಪ್ರಕಟಿಸಿದರು. ಖಾತೆ ಪುಸ್ತಕದಲ್ಲಿ ತಪ್ಪನ್ನು ಉಜ್ಜಿ ಅಳಿಸದೆ ಗೆರೆಯೆಳೆದು ರುಜು ಹಾಕುವ ಪದ್ಧತಿಯೂ ಇದನ್ನೇ ಹೇಳುತ್ತದೆ. ಮರೆಮಾಚಿದ ತಪ್ಪು ಮತ್ತೆ ಮತ್ತೆ ಹುಟ್ಟುತ್ತದೆ. ಒಪ್ಪಿಕೊಂಡ ತಪ್ಪು ಹತ್ತು ಜನರಿಗೆ ಪಾಠವಾಗುತ್ತದೆ.

ಇಷ್ಟೆಲ್ಲ ಕಾವಲಿದ್ದರೂ ಕೊನೆಯ ಬಾಗಿಲು ಮಾತ್ರ ಜನಸಾಮಾನ್ಯರ ಕೈಯಲ್ಲಿಯೇ ಉಳಿಯುತ್ತದೆ. ಗಣಕವನ್ನು ಒಡೆಯುವುದಕ್ಕಿಂತ ಮನುಷ್ಯನನ್ನು ನಂಬಿಸುವುದು ಸುಲಭವೆಂದು ವಂಚಕರು ಬಲ್ಲರು. ಸಂತೆಯಲ್ಲಿ ಬಸಳೆ ಮಾರುವ ಹೆಂಗಸಿಗೆ ಯಾರೋ ಕರೆಮಾಡಿ, "ಅಮ್ಮ, ನಿಮಗೆ ಹಣ ಬಂದಿದೆ, ಪಡೆಯಲು ನಿಮ್ಮ ಪಿನ್ ಒತ್ತಿರಿ" ಎಂದರೆ ಅವಳು ತಿಳಿದಿರಬೇಕಾದುದು ಇಷ್ಟೇ: ಯುಪಿಐಯಲ್ಲಿ ಪಿನ್ ಬೇಕಾಗುವುದು ಹಣ ಕೊಡುವುದಕ್ಕೇ ಹೊರತು ಪಡೆಯುವುದಕ್ಕಲ್ಲ. ಮೊಬೈಲಿಗೆ ಬರುವ ಒಟಿಪಿಯನ್ನು ಬ್ಯಾಂಕಿನವರೆಂದು ಹೇಳಿಕೊಂಡವರಿಗೂ ತಿಳಿಸಬಾರದು. ತನ್ನ ಕ್ಯೂಆರ್ ಚೀಟಿಯ ಮೇಲೆ ಬೇರೊಬ್ಬರ ಚೀಟಿಯನ್ನು ಅಂಟಿಸಿಲ್ಲವೆಂದು ಬೆಳಗ್ಗೆ ಒಮ್ಮೆ ನೋಡಿಕೊಳ್ಳುವುದೂ ಲೇಸು. ಮೋಸ ಹೋದುದು ತಿಳಿದ ಕೂಡಲೇ, ನಾಚಿಕೆಯಿಂದ ಸುಮ್ಮನಿರದೆ, 1930 ಎಂಬ ಸಹಾಯವಾಣಿಗೆ ತಿಳಿಸಬೇಕು. ತಡಮಾಡದಿದ್ದರೆ ಹಣವನ್ನು ದಾರಿಯಲ್ಲಿಯೇ ತಡೆಯುವ ಸಂಭವ ಹೆಚ್ಚು. ಮನೆಯಲ್ಲಿ ಓದು ಬಲ್ಲ ಮಕ್ಕಳು ಅಜ್ಜಿಗೂ ಅಮ್ಮನಿಗೂ ಇದನ್ನು ತಿಳಿಸಿ ಹೇಳಿದರೆ ಅದು ದೊಡ್ಡ ಉಪಕಾರ.

ಸಂಜೆಯಾಗುತ್ತಲೇ ಸಂತೆ ಕರಗುತ್ತದೆ. ಉಳಿದ ಸೊಪ್ಪನ್ನು ಗಂಟುಕಟ್ಟಿ, ಕ್ಯೂಆರ್ ಚೀಟಿಯನ್ನು ಚೀಲಕ್ಕೆ ಸೇರಿಸಿ, ಮಾರುವವರು ಬಸ್ಸಿನ ಹಾದಿ ಹಿಡಿಯುತ್ತಾರೆ. ಅವರ ದಿನದ ದುಡಿಮೆ ಆಗಲೇ ಖಾತೆಯನ್ನು ಸೇರಿರುತ್ತದೆ. ಅವರು ಮಲಗಿರುವಾಗ ಎಲ್ಲಿಯೋ ಒಬ್ಬನು ದೀಪದ ಬೆಳಕಿನಲ್ಲಿ ಕುಳಿತು ದಿನದ ದಾಖಲೆಗಳನ್ನು ತಾಳೆ ನೋಡುತ್ತಿರುತ್ತಾನೆ, ತೇಪೆಗಳನ್ನು ಹಾಕುತ್ತಿರುತ್ತಾನೆ, ನಕಲು ಸರಿಯಾಗಿದೆಯೇ ಎಂದು ತೆರೆದು ನೋಡುತ್ತಿರುತ್ತಾನೆ. ಅವನ ಹೆಸರು ಅವರಿಗೆ ಗೊತ್ತಿಲ್ಲ. ಅವರ ಮುಖ ಅವನು ಕಂಡಿಲ್ಲ. ಆದರೂ ಅಂದು ಎರಡಾಣೆಗೆ ರುಜು ಹಾಕಿದವನಿಗೆ ಇದ್ದ ಹೊಣೆಯೇ ಇಂದು ಅವನ ಮೇಲೂ ಇದೆ. ಪರರ ಬೆವರಿನ ಹಣವನ್ನು ಕಾಯುವವನು ಯಾರೂ ನೋಡದಿದ್ದಾಗಲೂ ಲೆಕ್ಕವನ್ನು ಸರಿಯಾಗಿಡಬೇಕು.